ವಿದೇಶಿ ಭಾಷೆಯ ತರಗತಿಯಲ್ಲಿ ವಿದ್ಯಾರ್ಥಿ ಪೋರ್ಟ್‌ಫೋಲಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಿ ಭಾಷೆ ಕಲಿಸುವ ಶಿಕ್ಷಕರು, ಕಲಿಯುವ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹಲವು ವರ್ಷ ತರಗತಿಯಲ್ಲಿ ಪೋರ್ಟ್‌ಫೋಲಿಯೊ ಇಡಿಸಿದ ಅನುಭವದಿಂದ ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಪೋರ್ಟ್‌ಫೋಲಿಯೊ ಅಂದರೆ ಏನು? ನಮ್ಮ ನೋಟ್ಸ್ ಫೈಲಿಗೂ ಇದಕ್ಕೂ ಏನು ವ್ಯತ್ಯಾಸ?

ನೋಟ್ಸ್ ಫೈಲಿನಲ್ಲಿ ಬರೆದದ್ದೆಲ್ಲ ಇರುತ್ತದೆ. ಪೋರ್ಟ್‌ಫೋಲಿಯೊದಲ್ಲಿ ವಿದ್ಯಾರ್ಥಿ ಆರಿಸಿದ್ದು ಮಾತ್ರ ಇರುತ್ತದೆ. ಆರಿಸಿದ ಪ್ರತಿಯೊಂದರ ಜೊತೆ ತಾರೀಖು ಇರುತ್ತದೆ, ಅದನ್ನು ಯಾಕೆ ಆರಿಸಿದೆ ಎಂದು ಅವನೇ ಬರೆದ ನಾಲ್ಕು ಮಾತು ಇರುತ್ತದೆ. ಆಯ್ಕೆ, ತಾರೀಖು, ಸ್ವಂತ ಮಾತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಬರೀ ಕಾಗದದ ಕಟ್ಟು.

ನನ್ನ ಮೊದಲ ವರ್ಷದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಮಕ್ಕಳ ಎಲ್ಲ ಹಾಳೆಗಳನ್ನೂ ಸೇರಿಸಿ ದಪ್ಪ ದಪ್ಪ ಫೈಲ್ ಮಾಡಿಸಿದೆ. ವರ್ಷದ ಕೊನೆಗೆ ಅವುಗಳನ್ನು ಯಾರೂ ತೆರೆದು ನೋಡಲಿಲ್ಲ, ಮಕ್ಕಳೂ ನೋಡಲಿಲ್ಲ. ಮರುವರ್ಷ ಎಂಟೇ ಹಾಳೆ ಇಡಿ ಎಂದೆ. ಯಾವ ಎಂಟು ಎಂದು ಅವರವರಲ್ಲೇ ಚರ್ಚೆ ಶುರುವಾಯಿತು. ಆ ಚರ್ಚೆಯಲ್ಲೇ ಅವರು ತಮ್ಮ ಕಲಿಕೆಯ ಬಗ್ಗೆ ಮೊದಲ ಸಲ ಮಾತಾಡಿದ್ದು.

ಪರೀಕ್ಷೆ ಇದೆಯಲ್ಲ, ಇದೂ ಯಾಕೆ ಬೇಕು?

ಪರೀಕ್ಷೆ ಒಂದು ದಿನದ ಫೋಟೋ. ಆ ದಿನ ಏನು ಬಂತು, ಏನು ಬರಲಿಲ್ಲ ಎಂದು ಹೇಳುತ್ತದೆ. ಭಾಷೆ ಕಲಿಯುವುದು ನಿಧಾನದ ಕೆಲಸ. ಇವತ್ತಿಗೂ ನಿನ್ನೆಗೂ ವ್ಯತ್ಯಾಸ ಕಾಣುವುದೇ ಇಲ್ಲ. ಅದರಲ್ಲೂ ಶುರುವಿನ ಹುಮ್ಮಸ್ಸು ಕಳೆದ ಮೇಲೆ ಒಂದು ದೊಡ್ಡ ಬಯಲು ಬರುತ್ತದೆ. ಎಷ್ಟು ನಡೆದರೂ ಅಲ್ಲೇ ಇದ್ದೇವೆ ಅನ್ನಿಸುತ್ತದೆ. ಅನೇಕ ವಿದ್ಯಾರ್ಥಿಗಳು ಭಾಷೆ ಬಿಡುವುದು ಅಲ್ಲೇ.

ಅಂಥ ಹೊತ್ತಿನಲ್ಲಿ ಐದು ತಿಂಗಳ ಹಿಂದಿನ ತನ್ನದೇ ಹಾಳೆ ಎದುರಿಗೆ ಬಂದರೆ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ತುಂಬಾ ಸಲ ನೋಡಿದ್ದೇನೆ. "ಇಷ್ಟೇನಾ ನಂಗೆ ಬರ್ತಿದ್ದಿದ್ದು?" ಎಂದು ಕೇಳುತ್ತಾರೆ. ನಾನು ಎಷ್ಟು ಹೊಗಳಿದರೂ ಆ ಕೆಲಸ ಆಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಬರೆಯುವ ಪರೀಕ್ಷೆಯಲ್ಲಿ ಮಾತು ಬರುವುದಿಲ್ಲ. ಒಂದು ಪತ್ರವನ್ನು ಮೂರು ಸಲ ತಿದ್ದಿ ಬರೆಯುವ ಕೆಲಸವೂ ಬರುವುದಿಲ್ಲ. ಆದರೆ ಭಾಷೆಯನ್ನು ನಿಜವಾಗಿ ಬಳಸುವಾಗ ನಾವು ಮಾಡುವುದು ಇವೇ ಅಲ್ವಾ?

ಈ ಪದ್ಧತಿ ಎಲ್ಲಿಂದ ಬಂತು?

ಚಿತ್ರಕಾರರು ತಮ್ಮ ಕೆಲಸದ ಮಾದರಿಗಳನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡು ತೋರಿಸುವ ರೂಢಿ ಹಳೆಯದು. ಭಾಷೆಯ ತರಗತಿಗೆ ಇದು ದೊಡ್ಡ ಮಟ್ಟದಲ್ಲಿ ಬಂದದ್ದು ಯುರೋಪಿನಲ್ಲಿ. ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆ ಯುರೋಪಿಯನ್ ಲ್ಯಾಂಗ್ವೇಜ್ ಪೋರ್ಟ್‌ಫೋಲಿಯೊ ಎಂಬ ಮಾದರಿಯನ್ನು 1998ರಿಂದ 2000ದವರೆಗೆ ಹಲವು ದೇಶಗಳಲ್ಲಿ ಪ್ರಯೋಗ ಮಾಡಿ ನೋಡಿತು. 2001ರಲ್ಲಿ ಅದನ್ನು ಎಲ್ಲರಿಗೂ ತೆರೆಯಿತು. ಆ ವರ್ಷವನ್ನು ಯುರೋಪಿನಲ್ಲಿ ಭಾಷೆಗಳ ವರ್ಷ ಎಂದು ಆಚರಿಸಿದ್ದರು. ಭಾಷೆ ಎಷ್ಟು ಬರುತ್ತದೆ ಎಂಬುದನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳಲ್ಲಿ (ಎ1 ಶುರುವಿನದು, ಸಿ2 ಎಲ್ಲಕ್ಕಿಂತ ಮೇಲಿನದು) ವಿವರಿಸುವ ಸಿಇಎಫ್‌ಆರ್ ಚೌಕಟ್ಟು ಪುಸ್ತಕವಾಗಿ ಬಂದದ್ದೂ ಅದೇ 2001ರಲ್ಲಿ. ಎರಡೂ ಅವಳಿ ಮಕ್ಕಳಿದ್ದಂತೆ.

ಆ ಮಾದರಿಯಲ್ಲಿ ಮೂರು ಭಾಗಗಳಿವೆ. ಒಂದು, ಭಾಷಾ ಪಾಸ್‌ಪೋರ್ಟ್. ಯಾವ ಭಾಷೆ ಎಷ್ಟು ಬರುತ್ತದೆ ಎಂಬುದರ ಒಂದು ನೋಟ. ಎರಡು, ಭಾಷಾ ಚರಿತ್ರೆ. ಹೇಗೆ ಕಲಿತೆ, ಮುಂದೆ ಏನು ಕಲಿಯಬೇಕು ಅನ್ನುವುದು. ಮೂರು, ಕೆಲಸದ ಮಾದರಿಗಳ ಕಟ್ಟು. ಇದನ್ನು ಡಾಸಿಯೇ ಎನ್ನುತ್ತಾರೆ. ಅಮೆರಿಕದಲ್ಲಿ ಇದೇ ಮಾದರಿಯನ್ನು ನೋಡಿ ಲಿಂಗ್ವಾಫೋಲಿಯೊ ಎಂಬುದನ್ನು ರೂಪಿಸಿದರು.

ಪಾಸ್‌ಪೋರ್ಟಿನಲ್ಲಿ ನನಗೆ ಇಷ್ಟವಾದ ಒಂದು ವಿಷಯವನ್ನು ಹೇಳಲೇಬೇಕು. ಅದರಲ್ಲಿ ಶಾಲೆಯಲ್ಲಿ ಕಲಿತ ಭಾಷೆಯನ್ನಷ್ಟೇ ಬರೆಯುವುದಿಲ್ಲ. ಅಜ್ಜಿಯಿಂದ ಕಲಿತದ್ದು, ಪಕ್ಕದ ಮನೆಯವರಿಂದ ಕಲಿತದ್ದು, ಕೇಳಿದರೆ ಅರ್ಥವಾಗುವ ಆದರೆ ಮಾತಾಡಲು ಬಾರದ್ದು, ಎಲ್ಲವನ್ನೂ ಬರೆಯಬಹುದು. "ನನಗೆ ಭಾಷೆ ಕಲಿಯೋಕೆ ಬರಲ್ಲ" ಎನ್ನುವ ಹುಡುಗಿಯ ಪಾಸ್‌ಪೋರ್ಟಿನಲ್ಲಿ ಮೂರು ಭಾಷೆ ಆಗಲೇ ತುಂಬಿರುತ್ತವೆ. ಮೊದಲ ವಾರವೇ ಈ ಪುಟವನ್ನು ಬರೆಸಿ.

ನಮ್ಮ ಪೋರ್ಟ್‌ಫೋಲಿಯೊದಲ್ಲಿ ಏನೇನು ಇರಬೇಕು?

ಮೇಲಿನ ಮೂರು ಭಾಗಗಳನ್ನು ಹಾಗೇ ಇಟ್ಟುಕೊಂಡರೆ ಸಾಕು, ಹೊಸದಾಗಿ ಏನೂ ಕಟ್ಟಬೇಕಿಲ್ಲ. ಪಾಸ್‌ಪೋರ್ಟಿಗೆ ಒಂದು ಪುಟ. ಚರಿತ್ರೆಗೆ ತಿಂಗಳಿಗೆ ಒಂದು ಪುಟ. ಉಳಿದದ್ದು ಮಾದರಿಗಳು.

ಮಾದರಿಗಳಲ್ಲಿ ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು ಎಲ್ಲವೂ ಬರಬೇಕು. ಬರವಣಿಗೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಮಾತು ಮತ್ತು ಕೇಳುವುದನ್ನು ನೆನಪಿಟ್ಟು ಸೇರಿಸಬೇಕು. ಸಿಇಎಫ್‌ಆರ್ ಮಾತನ್ನೇ ಎರಡು ಮಾಡುತ್ತದೆ: ಇನ್ನೊಬ್ಬರ ಜೊತೆ ಸಂಭಾಷಣೆ ಒಂದು, ಒಬ್ಬರೇ ನಿಂತು ಮಾತಾಡುವುದು ಇನ್ನೊಂದು. ಇದು ಸರಿಯಾದ ವಿಂಗಡಣೆ. ಬಾಯಿಪಾಠ ಮಾಡಿ ಎರಡು ನಿಮಿಷ ಭಾಷಣ ಮಾಡುವ ಹುಡುಗ ಎದುರಿನವರು ಒಂದು ಪ್ರಶ್ನೆ ಕೇಳಿದರೆ ತಡವರಿಸುವುದನ್ನು ನೋಡಿರುತ್ತೀರಿ.

ಓದಿದ್ದಕ್ಕೆ ಮತ್ತು ಕೇಳಿದ್ದಕ್ಕೆ ಮಾದರಿ ಹೇಗೆ ಇಡುವುದು ಎಂದು ಕೇಳುತ್ತಾರೆ. ಓದಿದ ಕಥೆಯ ಒಂದು ಪುಟವನ್ನು ಇಟ್ಟು, ಯಾವ ಪದವನ್ನು ಡಿಕ್ಷನರಿ ನೋಡದೆ ಊಹಿಸಿದೆ, ಊಹೆ ಸರಿಯಾಯಿತಾ ಎಂದು ಅಂಚಿನಲ್ಲಿ ಬರೆಸಿ. ಕೇಳಿದ್ದಕ್ಕೆ, ಒಂದೇ ತುಣುಕನ್ನು ಮೂರು ಸಲ ಕೇಳಿಸಿ ಪ್ರತಿ ಸಲ ಹೊಸದಾಗಿ ಸಿಕ್ಕಿದ್ದನ್ನು ಬೇರೆ ಬೇರೆ ಬಣ್ಣದಲ್ಲಿ ಬರೆಸಿ. ಮೂರು ಬಣ್ಣ ಕಂಡರೆ ಕೇಳುವ ಕೆಲಸ ಕಣ್ಣಿಗೆ ಕಾಣುತ್ತದೆ.

ತರಗತಿಯ ಹೊರಗೆ ಸಿಕ್ಕಿದ್ದಕ್ಕೂ ಜಾಗವಿರಲಿ. ಅರ್ಥ ಮಾಡಿಕೊಂಡ ಹಾಡಿನ ಒಂದು ಸಾಲು, ಪೆಟ್ಟಿಗೆಯ ಮೇಲೆ ಓದಿದ ಸೂಚನೆ, ಆ ಭಾಷೆಯವರೊಬ್ಬರ ಜೊತೆ ಆಡಿದ ಎರಡು ಮಾತಿನ ನೆನಪು. ಇಂಥವನ್ನು ಮಕ್ಕಳು ತುಂಬಾ ಪ್ರೀತಿಯಿಂದ ಇಟ್ಟುಕೊಳ್ಳುತ್ತಾರೆ.

ಎಷ್ಟು ಇರಬೇಕು?

ಒಂದು ವರ್ಷಕ್ಕೆ ಎಂಟರಿಂದ ಹನ್ನೆರಡು ಮಾದರಿ. ಜಾಸ್ತಿಯಾದರೆ ಹಿನ್ನೋಟ, ಅಂದರೆ ಪ್ರತಿ ಮಾದರಿಯ ಜೊತೆ ವಿದ್ಯಾರ್ಥಿ ಬರೆಯುವ ಸ್ವಂತ ಮಾತು, ಕಾಟಾಚಾರವಾಗುತ್ತದೆ. ಹೊಸದೊಂದು ಸೇರಿಸಬೇಕಾದರೆ ಹಳೆಯದೊಂದನ್ನು ತೆಗೆಯಬೇಕು ಎಂಬ ನಿಯಮವನ್ನು ವರ್ಷದ ಎರಡನೇ ಅರ್ಧದಲ್ಲಿ ತನ್ನಿ. ಆದರೆ ಮೊದಲ ತಿಂಗಳ ಎರಡು ಮಾದರಿಗಳನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು. ಮುಂದಿನದನ್ನೆಲ್ಲ ಹೋಲಿಸಿ ನೋಡುವುದು ಅವುಗಳ ಜೊತೆಗೇ.

ತಪ್ಪುಗಳಿರುವ ಹಾಳೆಯನ್ನೂ ಇಡಬೇಕಾ?

ಖಂಡಿತ ಇಡಬೇಕು. ಚೊಕ್ಕವಾದ ಫೇರ್ ಕಾಪಿ ಮಾತ್ರ ಇಟ್ಟರೆ ಕಲಿತದ್ದು ಎಲ್ಲಿ ಅನ್ನುವುದೇ ಮುಚ್ಚಿಹೋಗುತ್ತದೆ.

ಒಂದು ಉದಾಹರಣೆ. ಫ್ರೆಂಚ್ ಕಲಿಯುವ ಮಗು "ನನಗೆ ಹನ್ನೆರಡು ವರ್ಷ" ಎಂದು ಹೇಳಲು ಶುರುವಿನಲ್ಲಿ "ಜ ಸ್ವಿ ದೂಜ್ ಆಂ" ಎಂದು ಬರೆಯುತ್ತದೆ. ಇಂಗ್ಲಿಷಿನ ಹಾಗೆ 'ಇರು' ಎಂಬ ಕ್ರಿಯಾಪದ ಹಾಕಿರುತ್ತದೆ. ಫ್ರೆಂಚಿನಲ್ಲಿ ವಯಸ್ಸಿಗೆ 'ಹೊಂದಿರು' ಎಂಬ ಕ್ರಿಯಾಪದ ಬೇಕು: "ಜೆ ದೂಜ್ ಆಂ". ಮೊದಲ ಕರಡಿನಲ್ಲಿ ತಪ್ಪು, ಎರಡನೆಯದರಲ್ಲಿ ಟೀಚರ್ ಎಳೆದ ಗೆರೆ, ಮೂರನೆಯದರಲ್ಲಿ ಸರಿ. ಮೂರೂ ಒಟ್ಟಿಗೆ ಪಿನ್ ಹಾಕಿ ಇಟ್ಟರೆ ಅದೊಂದು ಪುಟ್ಟ ಕಥೆ. ಎರಡು ತಿಂಗಳ ನಂತರ "ನನಗೆ ಹಸಿವಾಗಿದೆ" ಎಂದು ಬರೆಯುವಾಗ ಅದೇ ಮಗು ತಾನಾಗಿಯೇ 'ಹೊಂದಿರು' ಹಾಕಿದರೆ, ಆ ಹಾಳೆಯನ್ನೂ ಪಕ್ಕದಲ್ಲೇ ಇಡಬೇಕು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೆಲಸಕ್ಕೆ ಬಂತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕೆಂಪು ಇಂಕು ತುಂಬಿದ ಹಾಳೆ ಇಡಲು ಮಕ್ಕಳಿಗೆ ನಾಚಿಕೆಯಾಗುತ್ತದೆ, ಅದು ಸಹಜ. ಹಾಗಾಗಿ ಎಲ್ಲ ತಪ್ಪನ್ನೂ ನಾವೇ ತಿದ್ದಬಾರದು. ಒಂದು ಕರಡಿನಲ್ಲಿ ಒಂದೋ ಎರಡೋ ಬಗೆಯ ತಪ್ಪಿಗೆ ಮಾತ್ರ ಗೆರೆ ಎಳೆಯಿರಿ. ಜರ್ಮನ್ ತರಗತಿಯಾದರೆ, ಈ ಸಲ ಕ್ರಿಯಾಪದದ ಜಾಗ ಮಾತ್ರ. "ಹೊಯ್ಟ" ಅಂದರೆ "ಇವತ್ತು" ಎಂಬ ಪದದಿಂದ ವಾಕ್ಯ ಶುರುವಾದರೆ ಅದಾದ ಕೂಡಲೇ ಕ್ರಿಯಾಪದ ಬರಬೇಕು, ಆಮೇಲೆ "ಇಶ್", ಅಂದರೆ "ನಾನು". ಮುಂದಿನ ಸಲ ಇನ್ನೊಂದು. ಹೀಗೆ ಮಾಡಿದರೆ ಹಾಳೆ ಓದುವ ಹಾಗೂ ಇರುತ್ತದೆ, ಮಗು ತಿದ್ದುವ ಹಾಗೂ ಇರುತ್ತದೆ.

ಮಾತನ್ನು ಹೇಗೆ ಇಡುವುದು?

ಧ್ವನಿ ರೆಕಾರ್ಡಿಂಗ್ ಮಾಡಿ. ಭಾಷೆಯ ಪೋರ್ಟ್‌ಫೋಲಿಯೊದಲ್ಲಿ ನನ್ನ ಪ್ರಕಾರ ಅತ್ಯಂತ ಬೆಲೆಬಾಳುವುದು ಇದೇ. ಆದರೆ ಬಹಳಷ್ಟು ಕಡೆ ಬಿಟ್ಟುಹೋಗುವುದೂ ಇದೇ.

ನಾನು ಮಾಡಿಸುವ ರೀತಿ ಇದು. ವರ್ಷದಲ್ಲಿ ಮೂರು ಸಲ ಒಂದೇ ವಿಷಯದ ಮೇಲೆ ಒಂದು ನಿಮಿಷ ಮಾತು. ಉದಾಹರಣೆಗೆ, "ನಾನು ವಾಸಿಸುವ ಜಾಗ ಮತ್ತು ನನಗೆ ಗೊತ್ತಿರುವ ಜನ". ಮೊದಲ ತಿಂಗಳು, ನಡುವಿನಲ್ಲಿ, ಕೊನೆಗೆ. ವಿಷಯ ಬದಲಿಸಬಾರದು. ಬದಲಿಸಿದರೆ ವ್ಯತ್ಯಾಸ ಬಂದದ್ದು ಕಲಿತದ್ದರಿಂದಲೋ, ವಿಷಯ ಸುಲಭವಾದ್ದರಿಂದಲೋ ಎಂದು ತಿಳಿಯುವುದಿಲ್ಲ. ಬರೆದುಕೊಂಡು ಓದಬಾರದು. ಬೇಕಾದರೆ ಐದು ಪದಗಳ ಚೀಟಿ ಕೈಯಲ್ಲಿರಲಿ.

ಮೂರನೆಯ ರೆಕಾರ್ಡಿಂಗ್ ಆದ ಮೇಲೆ ಮೂರನ್ನೂ ಒಟ್ಟಿಗೆ ಕೇಳಿಸಿ. ಬರೀ ಕೇಳಿದರೆ ಸಾಲದು, ಕೈಗೆ ಕೆಲಸ ಕೊಡಿ. ಪ್ರತಿಯೊಂದರ ಮೊದಲ ಮೂವತ್ತು ಸೆಕೆಂಡನ್ನು ಮಗು ಹಾಗೇ ಬರೆದುಕೊಳ್ಳಲಿ. ತಡೆದ ಜಾಗದಲ್ಲಿ ಒಂದು ಗೆರೆ, ಇನ್ನೊಂದು ಭಾಷೆಗೆ ಜಾರಿದ ಜಾಗದಲ್ಲಿ ಒಂದು ವೃತ್ತ. ಆಮೇಲೆ ಎಣಿಸಲಿ. ಮೊದಲನೆಯದರಲ್ಲಿ ಎಷ್ಟು ಪದ, ಮೂರನೆಯದರಲ್ಲಿ ಎಷ್ಟು? ತಡೆದದ್ದು ಪದ ಸಿಗದೆಯೋ, ವಾಕ್ಯ ಹೇಗೆ ಮುಗಿಸಬೇಕು ಎಂದು ತಿಳಿಯದೆಯೋ? ಹತ್ತು ವರ್ಷದ ಮಗುವೂ ಈ ಕೆಲಸ ಮಾಡುತ್ತದೆ.

ತಮ್ಮ ಧ್ವನಿ ಕೇಳಲು ಅನೇಕರಿಗೆ ಮುಜುಗರ. ಮೊದಲ ಸಲ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಲಿ. ಇಡೀ ತರಗತಿಗೆ ಕೇಳಿಸಲೇಬೇಕು ಎಂದು ಯಾರನ್ನೂ ಒತ್ತಾಯ ಮಾಡಬೇಡಿ.

ವಿಡಿಯೋ ಬೇಡ, ಧ್ವನಿ ಸಾಕು. ಒಂದು ನಿಮಿಷದ ಸಾಧಾರಣ ಎಂಪಿ3 ಸುಮಾರು 1 ಎಂಬಿ. ಮೂವತ್ತು ಮಕ್ಕಳ ಮೂರು ರೆಕಾರ್ಡಿಂಗ್ ಸೇರಿದರೂ 90 ಎಂಬಿ ದಾಟುವುದಿಲ್ಲ. ಫೈಲಿನ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುವಾಗಲಿ, ಆಗ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಮತ್ತೆ, ಎರಡು ಕಡೆ ಉಳಿಸಿಡಿ. ಒಂದು ವರ್ಷ ಒಂದೇ ಫೋನಿನಲ್ಲಿದ್ದ ಎಲ್ಲರ ಮೊದಲ ರೆಕಾರ್ಡಿಂಗ್‌ಗಳನ್ನೂ ನಾನು ಕಳೆದುಕೊಂಡೆ. ಫೋನ್ ಕೆಟ್ಟುಹೋಯಿತು. ಮಕ್ಕಳ ಆ ಮೊದಲ ಮಾತು ಮತ್ತೆ ಸಿಗಲಿಲ್ಲ. ಆ ಬೇಸರ ನಿಮಗೆ ಬರುವುದು ಬೇಡ.

ಹಿನ್ನೋಟದಲ್ಲಿ ಏನು ಬರೆಸಬೇಕು? ಮಕ್ಕಳು "ಚೆನ್ನಾಗಿತ್ತು", "ಕಷ್ಟ ಆಯ್ತು" ಎಂದಷ್ಟೇ ಬರೆಯುತ್ತಾರೆ.

ಅದು ಮಕ್ಕಳ ತಪ್ಪಲ್ಲ. "ನಿನ್ನ ಕಲಿಕೆಯ ಬಗ್ಗೆ ಬರೆ" ಎಂದು ಕೇಳಿದರೆ ದೊಡ್ಡವರೂ ಹೀಗೇ ಬರೆಯುತ್ತಾರೆ. ಪ್ರಶ್ನೆ ಚಿಕ್ಕದಾಗಿ, ಬೆರಳಿಟ್ಟು ತೋರಿಸುವ ಹಾಗೆ ಇರಬೇಕು.

ನಾನು ಕೇಳುವ ಕೆಲವು ಪ್ರಶ್ನೆಗಳು: ಈ ಹಾಳೆಯಲ್ಲಿ ನಿನಗೆ ಹೆಮ್ಮೆ ತಂದ ಒಂದು ವಾಕ್ಯದ ಕೆಳಗೆ ಗೆರೆ ಎಳೆ, ಯಾಕೆ ಅದೇ? ಹೇಳಬೇಕೆಂದಿದ್ದು ಆದರೆ ಹೇಳಲಾಗದೆ ಬಿಟ್ಟದ್ದು ಏನು? ಯಾವ ಪದ ಹುಡುಕಿದೆ, ಎಲ್ಲಿ ಹುಡುಕಿದೆ? ಇದನ್ನೇ ನಾಳೆ ಮತ್ತೆ ಬರೆದರೆ ಮೊದಲು ಏನು ಬದಲಿಸುತ್ತೀಯ? ಇವುಗಳಲ್ಲಿ ಒಂದು ಸಲಕ್ಕೆ ಎರಡು ಮಾತ್ರ ಕೊಡಿ.

ಎರಡನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ನಾನು ಬಹಳ ಗಮನದಿಂದ ಓದುತ್ತೇನೆ. "ನನ್ನ ತಮ್ಮ ಆಸ್ಪತ್ರೆಯಲ್ಲಿದ್ದ ಎಂದು ಬರೆಯಬೇಕಿತ್ತು, ಭೂತಕಾಲ ಗೊತ್ತಿರಲಿಲ್ಲ, ಅದಕ್ಕೆ ತಮ್ಮನಿಗೆ ಫುಟ್ಬಾಲ್ ಇಷ್ಟ ಎಂದು ಬರೆದೆ" ಎಂದು ಒಬ್ಬ ಹುಡುಗ ಬರೆದಿದ್ದ. ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಆ ಚೀಟಿ ಇಲ್ಲದಿದ್ದರೆ ಪೂರ್ತಿ ಮಾರ್ಕ್ಸ್ ಕೊಟ್ಟು ಮುಂದೆ ಹೋಗುತ್ತಿದ್ದೆ. ಮರುದಿನವೇ ಭೂತಕಾಲ ಶುರು ಮಾಡಿದೆ.

ಇದೂ ನೆನಪಿರಲಿ: ಮಾದರಿ ಬರೆದ ದಿನವೇ ಅದರ ಹಿನ್ನೋಟ ಬರೆಸಬೇಡಿ. ಎರಡು ಮೂರು ದಿನ ಬಿಟ್ಟು ಬರೆಸಿ. ಸ್ವಲ್ಪ ದೂರ ನಿಂತು ನೋಡಿದಾಗ ತಮ್ಮ ಬರಹ ಅವರಿಗೇ ಬೇರೆಯಾಗಿ ಕಾಣುತ್ತದೆ.

ಹಿನ್ನೋಟ ಯಾವ ಭಾಷೆಯಲ್ಲಿರಬೇಕು?

ಮಗು ಯೋಚಿಸುವ ಭಾಷೆಯಲ್ಲಿ. ಶುರುವಿನ ಹಂತದಲ್ಲಿ ಕಲಿಯುವ ಭಾಷೆಯಲ್ಲೇ ಬರೆ ಎಂದರೆ ಅದು ಹಿನ್ನೋಟವಾಗುವುದಿಲ್ಲ, ಇನ್ನೊಂದು ವ್ಯಾಕರಣದ ಅಭ್ಯಾಸವಾಗುತ್ತದೆ. ಬರುವ ಹತ್ತು ಪದಗಳಲ್ಲಿ ಏನು ಹೇಳಲು ಸಾಧ್ಯವೋ ಅದನ್ನಷ್ಟೇ ಹೇಳುತ್ತದೆ. ಬಿ1 ಹತ್ತಿರ ಬಂದ ಮೇಲೆ ನಿಧಾನಕ್ಕೆ ಕಲಿಯುವ ಭಾಷೆಗೆ ಹೊರಳಬಹುದು. ಮೊದಲು ಒಂದು ವಾಕ್ಯ, ಆಮೇಲೆ ಎರಡು. ಎಲ್ಲವೂ ಗುರಿಭಾಷೆಯಲ್ಲೇ ನಡೆಯಬೇಕು ಎಂದು ಹಟ ಹಿಡಿಯುವ ಶಿಕ್ಷಕರ ಜೊತೆ ಈ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ.

ವಿದ್ಯಾರ್ಥಿಯೇ ತನ್ನ ಮಟ್ಟ ಹೇಳಿಕೊಂಡರೆ ಅದನ್ನು ನಂಬಬಹುದಾ?

ಸಾಕ್ಷಿ ಕೇಳಿದರೆ ನಂಬಬಹುದು. ಮಟ್ಟಗಳನ್ನೆಲ್ಲ "ನಾನು ಇದನ್ನು ಮಾಡಬಲ್ಲೆ" ಎಂಬ ರೀತಿಯ ಹೇಳಿಕೆಗಳಾಗಿ ಬರೆದಿದ್ದಾರೆ. ಎ1ರಲ್ಲಿ, ನಾನು ವಾಸಿಸುವ ಜಾಗವನ್ನೂ ನನಗೆ ಗೊತ್ತಿರುವ ಜನರನ್ನೂ ಸರಳ ಮಾತಿನಲ್ಲಿ ವಿವರಿಸಬಲ್ಲೆ. ಎ2ರಲ್ಲಿ, ಧನ್ಯವಾದ ಹೇಳುವಂಥ ತೀರಾ ಸರಳವಾದ ಪತ್ರ ಬರೆಯಬಲ್ಲೆ. ಸಿಇಎಫ್‌ಆರ್‌ಗೆ 2020ರಲ್ಲಿ ಬಂದ ಪೂರಕ ಸಂಪುಟದಲ್ಲಿ ಎ1ಗಿಂತ ಕೆಳಗಿನ ಹಂತಕ್ಕೂ ಹೇಳಿಕೆಗಳಿವೆ. ತೀರಾ ಹೊಸಬರಿಗೆ ಅವು ಅನುಕೂಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸುವ ಮಧ್ಯಸ್ಥಿಕೆಯ ಕೌಶಲಕ್ಕೂ ಅದರಲ್ಲಿ ವಿವರವಾದ ಜಾಗ ಸಿಕ್ಕಿದೆ.

ಬರೀ ಟಿಕ್ ಹಾಕಿಸಿದರೆ ಧೈರ್ಯದ ಹುಡುಗ ಎಲ್ಲಕ್ಕೂ ಟಿಕ್ ಹಾಕುತ್ತಾನೆ, ಸಂಕೋಚದ ಹುಡುಗಿ ಒಂದಕ್ಕೂ ಹಾಕುವುದಿಲ್ಲ. ಅದಕ್ಕೇ ಪ್ರತಿ ಟಿಕ್ಕಿನ ಪಕ್ಕ ಒಂದು ಮಾದರಿಯ ನಂಬರ್ ಬರೆಸಿ. "ಪತ್ರ ಬರೆಯಬಲ್ಲೆ. ನೋಡಿ, ಮಾದರಿ 4." ನಂಬರ್ ಇಲ್ಲದಿದ್ದರೆ ಟಿಕ್ ಇಲ್ಲ. ಈ ಒಂದು ನಿಯಮದಿಂದ ಇಬ್ಬರ ಅಂದಾಜೂ ಸರಿದಾರಿಗೆ ಬರುತ್ತದೆ.

ಒಂದೇ ಭಾಷೆಯಲ್ಲಿ ಓದುವುದು ಬಿ1, ಮಾತು ಎ2 ಇರಬಹುದು. ಅದು ದೋಷವಲ್ಲ. ಹೆಚ್ಚಿನವರಲ್ಲಿ ಹಾಗೇ ಇರುತ್ತದೆ.

ಕಾಗದದ ಫೈಲಾ, ಕಂಪ್ಯೂಟರಾ?

ಮಕ್ಕಳು ಆಗಾಗ ತೆರೆದು ನೋಡುವುದು ಯಾವುದೋ ಅದು. ನನ್ನ ಅಭ್ಯಾಸ ಎರಡರ ಬೆರಕೆ. ಬರಹ ಕಾಗದದಲ್ಲಿ, ಧ್ವನಿ ಫೋಲ್ಡರಿನಲ್ಲಿ, ಇವೆರಡನ್ನೂ ಸೇರಿಸುವ ಪರಿವಿಡಿ ಫೈಲಿನ ಮೊದಲ ಪುಟದಲ್ಲಿ. ಹೊಸ ಲಿಪಿ ಇರುವ ಭಾಷೆಯಾದರೆ ಕಾಗದ ಬೇಕೇ ಬೇಕು. ಜಪಾನೀಸ್ ಕಲಿಯುವವರು ಹಿರಗಾನದ 46 ಮೂಲ ಅಕ್ಷರಗಳನ್ನು ಮೊದಲ ವಾರ ಬರೆದ ಹಾಳೆ ಮತ್ತು ಆರು ತಿಂಗಳ ನಂತರ ಬರೆದ ಹಾಳೆಯನ್ನು ಅಕ್ಕಪಕ್ಕ ಇಟ್ಟು ನೋಡಲಿ. ಕೈ ಕಲಿತದ್ದು ಟೈಪ್ ಮಾಡಿದ ಪುಟದಲ್ಲಿ ಕಾಣುವುದಿಲ್ಲ.

ಆ್ಯಪ್ ಬಳಸುವುದಾದರೆ ಒಂದು ಮಾತು ಮೊದಲೇ ನೋಡಿಕೊಳ್ಳಿ: ವರ್ಷ ಮುಗಿದ ಮೇಲೆ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡು ಮಕ್ಕಳ ಕೈಗೆ ಕೊಡಲು ಆಗುತ್ತದಾ? ಆಗದಿದ್ದರೆ ಬೇಡ.

ಇದಕ್ಕೆ ಮಾರ್ಕ್ಸ್ ಕೊಡಬೇಕಾ?

ಕಷ್ಟದ ಪ್ರಶ್ನೆ. ಮಾರ್ಕ್ಸ್ ಇಲ್ಲದಿದ್ದರೆ ಕೆಲವರು ತಲೆ ಕೆಡಿಸಿಕೊಳ್ಳುವುದಿಲ್ಲ. ಮಾರ್ಕ್ಸ್ ಜಾಸ್ತಿ ಇಟ್ಟರೆ ಎಲ್ಲರೂ ಕರಡುಗಳನ್ನು ಅಡಗಿಸಿ ಚೊಕ್ಕ ಪುಟ ಮಾತ್ರ ತರುತ್ತಾರೆ, ಹಿನ್ನೋಟದಲ್ಲಿ ಟೀಚರಿಗೆ ಇಷ್ಟವಾಗುವುದನ್ನು ಬರೆಯುತ್ತಾರೆ. ಹಾಗಾದರೆ ಇಡೀ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ.

ನಾನು ನೂರಕ್ಕೆ ಹದಿನೈದು ಮಾತ್ರ ಇಡುತ್ತೇನೆ. ಆ ಹದಿನೈದೂ ಭಾಷೆಯ ಶುದ್ಧತೆಗೆ ಅಲ್ಲ, ಅದನ್ನು ನೋಡಲು ಪರೀಕ್ಷೆ ಇದೆ. ಇಲ್ಲಿ ನೋಡುವುದು: ಮಾದರಿಗಳಲ್ಲಿ ವೈವಿಧ್ಯ ಇದೆಯಾ, ತಿದ್ದಿ ಬರೆದ ಗುರುತು ಇದೆಯಾ, ಹಿನ್ನೋಟದಲ್ಲಿ ನಿರ್ದಿಷ್ಟವಾಗಿ ಏನಾದರೂ ಹೇಳಿದೆಯಾ, ಹಿಂದಿನ ತಿಂಗಳು ಇಟ್ಟುಕೊಂಡ ಗುರಿಯ ಕಡೆ ಕೆಲಸ ನಡೆದಿದೆಯಾ. ಈ ನಾಲ್ಕನ್ನು ವರ್ಷದ ಶುರುವಿನಲ್ಲೇ ಮಕ್ಕಳಿಗೆ ಓದಿ ಹೇಳಿ. ಪುಟದ ಅಲಂಕಾರಕ್ಕೆ ಒಂದು ಮಾರ್ಕೂ ಬೇಡ. ಬಣ್ಣದ ಪೆನ್ನು ಕೊಳ್ಳಲಾಗದ ಮಗುವಿಗೆ ಅದು ಅನ್ಯಾಯ.

ನನಗೆ ಮೂವತ್ತು ಮಕ್ಕಳು. ಇದನ್ನೆಲ್ಲ ನೋಡಲು ಟೈಮ್ ಎಲ್ಲಿದೆ?

ಎಲ್ಲರ ಫೈಲನ್ನೂ ಮನೆಗೆ ಹೊತ್ತುಕೊಂಡು ಹೋಗಬೇಡಿ. ಅದು ನಡೆಯುವುದಿಲ್ಲ. ಪ್ರತಿ ತರಗತಿಯಲ್ಲಿ ಉಳಿದವರು ಜೋಡಿ ಕೆಲಸ ಮಾಡುವಾಗ ಇಬ್ಬರ ಜೊತೆ ಐದೈದು ನಿಮಿಷ ಕೂರಿ. ಹದಿನೈದು ತರಗತಿಗೆ ಒಂದು ಸುತ್ತು ಮುಗಿಯುತ್ತದೆ. ವಾರಕ್ಕೆ ಮೂರು ತರಗತಿ ಇದ್ದರೆ ಐದು ವಾರ.

ಆ ಐದು ನಿಮಿಷದಲ್ಲಿ ಫೈಲ್ ಮಗುವಿನ ಕೈಯಲ್ಲಿರಲಿ. ಪುಟ ತಿರುಗಿಸುವುದು ಅದೇ, ಮಾತಾಡುವುದೂ ಅದೇ. ನಾವು ಎರಡು ಪ್ರಶ್ನೆ ಕೇಳಿ, ಕೊನೆಗೆ ಒಂದು ಮುಂದಿನ ಹೆಜ್ಜೆ ಬರೆಸಿದರೆ ಮುಗಿಯಿತು. "ಜಾಸ್ತಿ ಓದುತ್ತೇನೆ" ಎಂಬುದು ಹೆಜ್ಜೆಯಲ್ಲ. "ಎರಡು ವಾರದಲ್ಲಿ ಒಂದು ಚಿಕ್ಕ ಕಥೆ ಓದಿ ಹತ್ತು ಪದ ಬರೆದಿಡುತ್ತೇನೆ" ಎಂಬುದು ಹೆಜ್ಜೆ.

ಮಕ್ಕಳು ಪರಸ್ಪರ ನೋಡಿಕೊಳ್ಳುವುದೂ ಒಳ್ಳೆಯದು. ಆದರೆ ಸ್ನೇಹಿತನ ತಪ್ಪು ಹುಡುಕುವ ಕೆಲಸ ಕೊಡಬೇಡಿ. "ಓದಿ ನಿನಗೆ ಅರ್ಥವಾದದ್ದನ್ನು ಹೇಳು, ಅರ್ಥವಾಗದ ಜಾಗ ತೋರಿಸು" ಎಂದಷ್ಟೇ ಹೇಳಿ.

ಅನುವಾದದ ಆ್ಯಪ್, ಎಐ ಬಳಸಿ ಬರೆದು ತಂದರೆ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಪೋರ್ಟ್‌ಫೋಲಿಯೊ ಇಲ್ಲಿ ತುಂಬಾ ಸಹಾಯಕ್ಕೆ ಬರುತ್ತದೆ. ಮೊದಲ ಕರಡು ತರಗತಿಯಲ್ಲೇ, ಕೈಬರಹದಲ್ಲಿ ಇರಲಿ. ಅದು ಕಣ್ಣೆದುರು ಇದ್ದರೆ ಮನೆಯಿಂದ ಬಂದ ಕೊನೆಯ ಪ್ರತಿ ಎಷ್ಟು ಜಿಗಿದಿದೆ ಎಂದು ತಿಳಿಯುತ್ತದೆ. ಜೊತೆಗೆ ಒಂದು ಸಾಲು: "ಯಾವ ಸಹಾಯ ತೆಗೆದುಕೊಂಡೆ?" ಡಿಕ್ಷನರಿ, ಅಕ್ಕ, ಆ್ಯಪ್, ಏನೇ ಆಗಲಿ, ಹೇಳಿದರೆ ಬೈಗುಳ ಇಲ್ಲ ಎಂದು ಮೊದಲೇ ಭರವಸೆ ಕೊಡಿ, ಮತ್ತು ಆ ಭರವಸೆಯನ್ನು ಉಳಿಸಿಕೊಳ್ಳಿ.

ಆ್ಯಪ್ ಕೊಟ್ಟ ವಾಕ್ಯವನ್ನೂ ತನ್ನ ವಾಕ್ಯವನ್ನೂ ಪಕ್ಕಪಕ್ಕ ಅಂಟಿಸಿ, ಏನು ಬೇರೆ ಎಂದು ಬರೆದರೆ ಅದೇ ಒಂದು ಒಳ್ಳೆಯ ಮಾದರಿ. ತನ್ನ ಪುಟದಲ್ಲಿರುವ ಪದದ ಅರ್ಥ ಕೇಳಿದಾಗ ಮಗುವಿಗೆ ಗೊತ್ತಿಲ್ಲದಿದ್ದರೆ ಆ ಪದ ಇನ್ನೂ ಅದರದ್ದಾಗಿಲ್ಲ. ಅದನ್ನು ಸಿಟ್ಟಿಲ್ಲದೆ ಹೇಳಿ, ಆ ವಾಕ್ಯವನ್ನು ತಾನೇ ಬರೆಯಲು ಹೇಳಿ.

ಗುಂಪಿನಲ್ಲಿ ಮಾಡಿದ ಕೆಲಸ ಇಡಬಹುದಾ?

ಇಡಬಹುದು. "ಇದರಲ್ಲಿ ನಾನು ಮಾಡಿದ್ದು ಇಷ್ಟು" ಎಂಬ ಚೀಟಿ ಜೊತೆಗಿರಲಿ. ಬೇರೆಯವರ ಧ್ವನಿ ಅಥವಾ ಫೋಟೋ ಇದ್ದರೆ ಅವರನ್ನು ಕೇಳಿಯೇ ಇಡಬೇಕು.

ಕೆಲವರು ಪೋರ್ಟ್‌ಫೋಲಿಯೊ ಅಂದರೆ ಮುಖ ತಿರುಗಿಸುತ್ತಾರೆ. ಏನು ಮಾಡುವುದು?

ಹೆಚ್ಚಾಗಿ ಇವರು ಹಿಂದೆ ಬಿದ್ದ ಮಕ್ಕಳು. ತೋರಿಸಲು ನನ್ನ ಹತ್ತಿರ ಏನೂ ಇಲ್ಲ ಎಂಬ ಭಯ ಅವರದು. ಅವರಿಂದ ಚರಿತ್ರೆ, ಹಿನ್ನೋಟ ಏನೂ ಕೇಳದೆ ಒಂದೇ ಒಂದು ಮಾದರಿಯಿಂದ ಶುರು ಮಾಡಿ. ಮೊದಲ ವಾರ ಬರೆದ ಮೂರು ಪದವಾದರೂ ಸರಿ. ಒಂದು ತಿಂಗಳ ನಂತರ ಅದೇ ಕೆಲಸವನ್ನು ಮತ್ತೆ ಮಾಡಿಸಿ, ಎರಡನ್ನೂ ಎದುರಿಗಿಡಿ. ಮೂರು ಪದ ಒಂಬತ್ತಾಗಿರುತ್ತದೆ. ಬೇರೆಯವರ ಜೊತೆ ಹೋಲಿಸಿದರೆ ಒಂಬತ್ತು ಕಡಿಮೆ. ಅವನ ಜೊತೆಗೇ ಹೋಲಿಸಿದರೆ ಮೂರು ಪಟ್ಟು. ಆ ಲೆಕ್ಕವನ್ನು ಅವನೇ ಮಾಡಲಿ, ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ.

ತುಂಬಾ ಚೆನ್ನಾಗಿ ಬರೆಯುವ ಮಕ್ಕಳೂ ಕೆಲವು ಸಲ ಬೇಡ ಎನ್ನುತ್ತಾರೆ, ಕರಡು ತೋರಿಸಲು ಅವರಿಗೆ ಇಷ್ಟವಿರುವುದಿಲ್ಲ. ನಿಮ್ಮದೇ ತಿದ್ದಿದ ಕರಡೊಂದನ್ನು ಅವರಿಗೆ ತೋರಿಸಿ. ನಾನು ಈಗಲೂ ಒಂದು ಹೊಸ ಭಾಷೆ ಕಲಿಯುತ್ತಿದ್ದೇನೆ, ನನ್ನ ಫೈಲ್ ತರಗತಿಯ ಮೇಜಿನ ಮೇಲೇ ಇರುತ್ತದೆ.

ತಂದೆತಾಯಿಗೆ ಆ ಭಾಷೆ ಬರುವುದಿಲ್ಲ. ಅವರಿಗೆ ತೋರಿಸಿ ಏನು ಉಪಯೋಗ?

ಭಾಷೆ ಬರದಿರುವುದೇ ಅನುಕೂಲ. ಅವರಿಗೆ ಅರ್ಥವಾಗಬೇಕಾದರೆ ಮಗು ವಿವರಿಸಬೇಕು. ಮೂರು ರೆಕಾರ್ಡಿಂಗ್ ಕೇಳಿಸಿ, "ಇಲ್ಲಿ ನಾನು ತಡೆದೆ, ಇಲ್ಲಿ ತಡೆಯಲಿಲ್ಲ" ಎಂದು ಹೇಳಿದರೆ ಭಾಷೆ ಗೊತ್ತಿಲ್ಲದ ತಾಯಿಗೂ ಕೇಳಿಸುತ್ತದೆ. ತಂದೆತಾಯಿಗೆ ನನ್ನದೊಂದು ಮನವಿ: ಅಕ್ಷರ ಅಂದವಾಗಿಲ್ಲ, ತಪ್ಪು ಯಾಕೆ ಇಷ್ಟು ಎಂದು ಶುರು ಮಾಡಬೇಡಿ. "ಇದರಲ್ಲಿ ನಿನಗೆ ಯಾವುದು ಇಷ್ಟ?" ಎಂದು ಕೇಳಿ.

ವರ್ಷ ಮುಗಿದ ಮೇಲೆ ಯಾರ ಹತ್ತಿರ ಇರಬೇಕು?

ವಿದ್ಯಾರ್ಥಿಯ ಹತ್ತಿರ. ಅದು ಅವನ ಸ್ವತ್ತು. ಶಾಲೆಗೆ ಬೇಕಾದರೆ ಒಪ್ಪಿಗೆ ಪಡೆದು ಒಂದೆರಡು ಪುಟದ ನಕಲು ಇಟ್ಟುಕೊಳ್ಳಲಿ. ಮುಂದಿನ ವರ್ಷದ ಟೀಚರಿಗೆ ಪಾಸ್‌ಪೋರ್ಟ್ ಪುಟ, ಕೊನೆಯ ರೆಕಾರ್ಡಿಂಗ್, ಕೊನೆಯ ಹಿನ್ನೋಟ ಸಿಕ್ಕರೆ ಸಾಕು. ಮೊದಲ ದಿನವೇ ಯಾರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ.

ಅರ್ಧ ವರ್ಷ ಕಳೆದುಹೋಗಿದೆ. ಈಗ ಶುರು ಮಾಡಬಹುದಾ?

ಮಾಡಬಹುದು. ಹಳೆಯ ನೋಟ್‌ಬುಕ್ಕುಗಳನ್ನು ತರಿಸಿ. ಮೊದಲ ತಿಂಗಳ ಯಾವುದಾದರೂ ಒಂದು ಬರಹವನ್ನು ಮಕ್ಕಳು ಹುಡುಕಿ ತೆಗೆಯಲಿ, ತಾರೀಖು ನೆನಪಿದ್ದಷ್ಟು ಬರೆಯಲಿ. ಅದೇ ವಿಷಯದ ಮೇಲೆ ಈಗ ಹೊಸದಾಗಿ ಬರೆಯಲಿ. ಧ್ವನಿಯನ್ನು ಇವತ್ತೇ ಒಂದು ನಿಮಿಷ ರೆಕಾರ್ಡ್ ಮಾಡಿಸಿ, ಏಕೆಂದರೆ ಬರಹ ಹಳೆಯ ಪುಸ್ತಕದಲ್ಲಿ ಸಿಗುತ್ತದೆ, ಮಾತು ಎಲ್ಲೂ ಸಿಗುವುದಿಲ್ಲ.